ಕುರ್ಚಿ ಕೊಟ್ಟವರು

ಯಾರ ಮನೆಗಾದರೂ ಹೋದಾಗ 'ಬನ್ನಿ ಮೇಡಂ, ಕೂತ್ಕೊಳ್ಳಿ' ಎಂದು ಕುರ್ಚಿ ಎಳೆದು ಕೊಟ್ಟರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ಕೊಡುವವರಿಗೆ ಅದು ಗೊತ್ತಾಗುವುದಿಲ್ಲ, ಪಾಪ. ಮುದುಕಿಗೆ ಮಂಡಿನೋವು ಎಂದುಕೊಳ್ಳುತ್ತಾರೆ. ಮಂಡಿನೋವೂ ಇದೆ, ಅದು ಬೇರೆ ಮಾತು. ಆದರೆ ಆ ಒಂದು ವರ್ಷ ಯಶವಂತಪುರದ ಸುತ್ತಮುತ್ತ ಎಷ್ಟೆಷ್ಟು ಸ್ಕೂಲುಗಳವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಾಫಿ ಕುಡಿಸಿ, ಕೈ ಮುಗಿದು ಸಾಗಹಾಕಿದರೋ ನಾನು ಲೆಕ್ಕ ಇಟ್ಟಿಲ್ಲ. ಇಟ್ಟಿದ್ದರೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಅದಕ್ಕೆ ಮೊದಲು ನಾನು ತುಮಕೂರಿನ ಆಚೆಗಿನ ಒಂದು ಸಣ್ಣ ಊರಿನಲ್ಲಿ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿದ್ದೆ. ಐವತ್ತರ ದಶಕದಲ್ಲಿ ಬಿ.ಎ. ಓದಿ, ಮೇಲೆ ಮೇಷ್ಟರ ತರಬೇತಿಯ ಬಿ.ಟಿ.ಯನ್ನೂ ಮಾಡಿದ ಹೆಂಗಸರು ಆ ಕಡೆ ಹುಡುಕಿದರೂ ಸಿಗುತ್ತಿರಲಿಲ್ಲ. ನಾನು ಗೇಟಿನೊಳಗೆ ಕಾಲಿಟ್ಟರೆ ಇಡೀ ಸ್ಕೂಲು ಗಪ್‌ಚಿಪ್. ಯಜಮಾನರಿಗೆ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸ. ರಜ ಸಿಕ್ಕಾಗ ರೈಲು ಹತ್ತಿ ಬಂದು ಹೋಗುತ್ತಿದ್ದರು. ನಮಗೆ ಒಬ್ಬಳೇ ಮಗಳು. ಅವಳಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಒಂದು ಜ್ವರ ಬಂತು. ಜ್ವರ ಬಿಟ್ಟಿತು, ಕಾಲುಗಳು ಬರಲಿಲ್ಲ. ಪೋಲಿಯೊ ಎಂಬ ಹೆಸರನ್ನು ನಾವು ಕೇಳಿದ್ದೇ ಆಗ. ಬೆಂಗಳೂರಿನ ಆಸ್ಪತ್ರೆಯ ಡಾಕ್ಟರು, ವಾರ ವಾರ ಕರೆದುಕೊಂಡು ಬರಬೇಕು, ದಿನಾ ಬೆಳಗ್ಗೆ ಸಂಜೆ ಕಾಲು ನೀವಿ ವ್ಯಾಯಾಮ ಮಾಡಿಸಬೇಕು ಎಂದರು. ಕೊನೆಗೆ ನಾನು ಕೆಲಸ ಬಿಟ್ಟು ಮಗಳನ್ನು ಸೊಂಟದ ಮೇಲೆ ಹೊತ್ತು ಯಶವಂತಪುರದ ವಠಾರಕ್ಕೆ ಬಂದೆ. ಅಂಥಾ ಕೆಲಸ ಬಿಡುವುದು ಹುಚ್ಚು ಎಂದು ಊರವರೆಲ್ಲ ಹೇಳಿದರು.

ವಠಾರದ ಮಕ್ಕಳು ಬೆಳಗಾದರೆ ಸ್ಲೇಟು ಹಿಡಿದು ಸ್ಕೂಲಿಗೆ ಓಡುತ್ತಿದ್ದವು. ಇವಳು ಹೊಸ್ತಿಲ ಮೇಲೆ ಕೂತು, ಕೊನೆಯ ಹುಡುಗಿ ಓಣಿ ತಿರುಗುವವರೆಗೂ ನೋಡುತ್ತಿದ್ದಳು. ಆಮೇಲೆ ತೆವಳಿಕೊಂಡು ಒಳಗೆ ಬಂದು ಚೆಂಬು, ಲೋಟ, ಪೊರಕೆ ಎಲ್ಲವನ್ನೂ ಗೋಡೆಗೆ ಸಾಲಾಗಿ ನಿಲ್ಲಿಸಿ ಪಾಠ ಮಾಡುತ್ತಿದ್ದಳು. ಪೊರಕೆ ಯಾವಾಗಲೂ ಫೇಲು. ಮನೆಯಲ್ಲಿ ನಾನೇ ಕಲಿಸುತ್ತಿದ್ದೆ. ಎಂಟು ವರ್ಷಕ್ಕೆ ಅವಳಿಗೆ ಮೂರನೇ ಕ್ಲಾಸಿನ ಪಾಠವೆಲ್ಲ ಬರುತ್ತಿತ್ತು. ಆದರೆ ಜಗಳ ಆಡೋಕೆ, ಬಳಪ ಕದಿಯೋಕೆ, ಟೂ ಬಿಡೋಕೆ ಮನೆಯಲ್ಲಿ ಯಾರಿದ್ದರು? ಅವಳಿಗೆ ಬೇಕಾಗಿದ್ದದ್ದು ಅದು.

ನಮ್ಮ ಬೀದಿಯ ಸ್ಕೂಲಿನ ಹೆಡ್‌ಮಾಸ್ತರರನ್ನು ಹೋಗಿ ಕೇಳಿದೆ. ಒಳ್ಳೆಯವರೇ. ಆದರೆ ಪ್ರಾರ್ಥನೆಗೆ, ನೀರಿಗೆ, ಹೊರಕ್ಕೆ ಹೋಗಬೇಕಾದರೆ ಈ ಮಗುವನ್ನು ದಿನವೆಲ್ಲ ಯಾರು ಎತ್ತಿಕೊಂಡು ಓಡಾಡುವುದು ಎಂದರು. ದಾರಿಯಲ್ಲಿ ಬರುತ್ತಾ ಹೊಳೆಯಿತು: ಎತ್ತುವವಳು ನಾನೇ ಆದರೆ? ಯಾವುದಾದರೂ ಸ್ಕೂಲಿನಲ್ಲಿ ನಾನು ಒಂದನೇ ಕ್ಲಾಸಿನ ಮೇಡಂ ಆದರೆ, ಪಾಠ ಬಂದರೂ ಸ್ಕೂಲು ಕಾಣದ ಇವಳು ಅದೇ ಕ್ಲಾಸಿನಲ್ಲಿ ನನ್ನ ಕಣ್ಣ ಮುಂದೆ ಕೂರುತ್ತಾಳೆ. ಹೆಡ್ ಆದರೆ ಮೇಲಿನ ಕ್ಲಾಸು, ಕಮಿಟಿ, ಮೀಟಿಂಗು ಎಂದು ಅಲೆಯಬೇಕು, ಅದು ಬೇಡ. ಯಜಮಾನರೊಬ್ಬರ ಸಂಬಳದಲ್ಲಿ ಮನೆಯೂ ಆಸ್ಪತ್ರೆಯೂ ನಡೆಯುವಂತಿರಲಿಲ್ಲ. ಅದಕ್ಕೂ ಒಂದು ದಾರಿಯಾಗುತ್ತದೆ. ಬಿ.ಎ., ಬಿ.ಟಿ. ಆದವಳು ಅ ಆ ಇ ಈ ಹೇಳಿಕೊಡುತ್ತೇನೆ ಎಂದರೆ ಯಾರು ಬೇಡ ಅಂತಾರೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು.

ಎಲ್ಲರೂ ಬೇಡ ಅಂದರು. ಎಷ್ಟು ಮರ್ಯಾದೆಯಿಂದ ಅಂದರು ಅಂತೀರಿ! ಹೋಗಿ ಬಾಗಿಲಲ್ಲಿ ನಿಂತು ಕೆಲಸ ಕೇಳಲು ಬಂದಿದ್ದೇನೆ ಎಂದರೆ, ಮೊದಲು ಮೇಲಿಂದ ಕೆಳಕ್ಕೆ ನೋಡುವುದು. ಏನು ಓದಿದ್ದೀರಿ, ಎಲ್ಲಿದ್ದಿರಿ ಎಂದು ಕೇಳುವುದು. ಹೇಳಿದ ಕೂಡಲೇ ಹೆಡ್‌ಮಾಸ್ತರರು ದಡಬಡಿಸಿ ಎದ್ದು ತಮ್ಮ ಕುರ್ಚಿಯನ್ನೇ ಎಳೆದು ಕೊಡುವುದು. ಕಾಫಿ ಬರುವುದು. ಆಮೇಲೆ, ನಿಮ್ಮಂಥವರಿಗೆ ನಾವು ಕೆಲಸ ಹೇಳುವುದು ಹೇಗೆ ಮೇಡಂ ಎಂದು ಕೈ ಹೊಸೆಯುವುದು. ಒಬ್ಬರು, ಇನ್ನೆಲ್ಲಾದರೂ ಹೆಡ್ ಕೆಲಸ ಸಿಕ್ಕರೆ ನಡುವೆಯೇ ಬಿಟ್ಟು ಹೋಗುತ್ತೀರಿ ಎಂದರು. ಇನ್ನೊಬ್ಬರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಈ ಹೆಂಗಸು ಹಳೇ ಸ್ಕೂಲಿನಲ್ಲಿ ಏನೋ ರಾಮಾಯಣ ಮಾಡಿಕೊಂಡೇ ಬಂದಿರಬೇಕು ಎಂದು ಅವರ ಮುಖದ ಮೇಲೆ ಬರೆದಿತ್ತು. ಬಹಳ ಜನಕ್ಕೆ ಅವರ ಕುರ್ಚಿಯದೇ ಹೆದರಿಕೆ. ನನಗೆ ಅವರ ಕುರ್ಚಿ ಯಾವ ಸೀಮೆಗೆ ಬೇಕಾಗಿತ್ತು? ನನಗೆ ಬೇಕಾಗಿದ್ದದ್ದು ನೆಲದ ಮೇಲಿನ ಒಂದು ಚಾಪೆ, ಅದೂ ಮಗಳಿಗೆ.

ಮಗಳು ಬಹಳ ಬೇಗ ಲೆಕ್ಕ ಹಿಡಿದಳು. ನಾನು ಒಳಗೆ ಬರುತ್ತಲೇ, ಕೆಲಸ ಸಿಕ್ತಾ ಎಂದು ಕೇಳುವುದನ್ನು ಬಿಟ್ಟುಬಿಟ್ಟಳು.

"ಕುರ್ಚಿ ಕೊಟ್ರಾ ಅಮ್ಮ?"

"ಕೊಟ್ರು."

"ಹಾಗಾದ್ರೆ ಸಿಗಲ್ಲ ಬಿಡು," ಎಂದು ಪೊರಕೆಗೆ ಪಾಠ ಮಾಡಲು ತಿರುಗುತ್ತಿದ್ದಳು.

ಆ ದಿನಗಳಲ್ಲಿ ನನಗೆ ಒಂದು ಕಡೆ ಕಾಲು ನಿಲ್ಲುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವುದು, ಒಣಗಿದ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುವುದು. ಓಣಿಯಲ್ಲಿ ಸ್ಕೂಲಿನ ಗಂಟೆ ಕೇಳಿದರೆ ಒಳಗಿಂದ ಬಾಗಿಲಿಗೆ, ಬಾಗಿಲಿಂದ ಒಳಗೆ. ಶಿಫ್ಟು ಮುಗಿಸಿ ಬಂದ ಯಜಮಾನರು, ಸ್ವಲ್ಪ ಹೊತ್ತು ಕೂತುಕೊಳ್ಳಬಾರದೇನೇ ಎಂದರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಕೂತ್ಕೊ ಎಂಬ ಮಾತೇ ನನಗೆ ಆಗುತ್ತಿರಲಿಲ್ಲ. ಅವರೇ ಒಂದು ದಿನ ಉಪಾಯ ಹೇಳಿದರು: ಡಿಗ್ರಿ ವಿಷಯ ಬಾಯಿ ಬಿಡಬೇಡ, ಎಸ್ಸೆಸ್ಸೆಲ್ಸಿ ಅಷ್ಟೇ ಅನ್ನು, ಯಾರು ಬಂದು ನೋಡುತ್ತಾರೆ?

ಸರಿ ಎಂದು ಚಿಕ್ಕಬಾಣಾವರಕ್ಕೆ ಹೋದೆ. ಹಳೆಯ ಸೀರೆ ಉಟ್ಟು, ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಂಡು, ದನಿ ತಗ್ಗಿಸಿ, ಎಸ್ಸೆಸ್ಸೆಲ್ಸಿ ಎಂದೆ. ಹೆಡ್‌ಮಾಸ್ತರರು ಕುರ್ಚಿ ಕೊಡಲಿಲ್ಲ. ಡಬ್ಬಿ ತೆಗೆದು ಆರಾಮಾಗಿ ನಶ್ಯ ಏರಿಸುತ್ತಾ, ನೋಡೋಣಮ್ಮ, ಸೋಮವಾರದಿಂದ ಬಂದು ನೋಡು ಎಂದರು. ನನಗೆ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಜಗಲಿಯ ಮೇಲೆ ಒಂದರ ಮೇಲೊಂದು ಬಿದ್ದು ಓಡತೊಡಗಿದವು. ವರ್ಷಗಳ ಅಭ್ಯಾಸ ನೋಡಿ, ನನಗೇ ಗೊತ್ತಿಲ್ಲದ ಹಾಗೆ ನನ್ನ ಬಾಯಿಂದ "ನಿಧಾನ!" ಎಂದು ಹೊರಟಿತು. ಇಡೀ ಜಗಲಿ ನಿಂತಲ್ಲೇ ನಿಂತಿತು. ಮಕ್ಕಳು ನಿಂತರೆ ನಿಲ್ಲಲಿ, ಹೆಡ್‌ಮಾಸ್ತರರೂ ಎದ್ದು ನಿಂತುಬಿಟ್ಟರು, ನಶ್ಯದ ಕೈ ಮೂಗಿನ ಹತ್ತಿರವೇ. ಸ್ವಲ್ಪ ಸುಧಾರಿಸಿಕೊಂಡು, ಮೇಡಂ, ತಾವು ಯಾವ ಸ್ಕೂಲಿನಲ್ಲಿ ಹೆಡ್ ಆಗಿದ್ದಿರಿ ಎಂದು ಕೇಳಿದರು. ಕುರ್ಚಿ ಬಂತು, ಸೋಮವಾರ ಹೋಯಿತು. ಸುಳ್ಳು ಹೇಳಿಯೂ ಬದುಕಲಾರದ ಬಾಳು ನನ್ನದು ಎಂದು ಸ್ಟೇಷನ್ನಿನಲ್ಲಿ ಕೂತು ನಕ್ಕೆ. ನಗು ನಿಂತ ಮೇಲೆ ಅಳು ಬಂತು.

ಹೆಬ್ಬಾಳದ ಕಡೆಯ ಸ್ಕೂಲಿನದು ಮಾತ್ರ ನಗುವ ವಿಷಯವಲ್ಲ. ಅಲ್ಲಿಗೆ ಒಳ್ಳೆಯ ಸೀರೆಯನ್ನೇ ಉಟ್ಟು, ಕನ್ನಡಕ ಹಾಕಿಕೊಂಡು, ಛತ್ರಿ ಹಿಡಿದು ಹೋಗಿದ್ದೆ. ಕೆರೆ ಏರಿಯ ಮೇಲಿಂದ ನಾನು ಇಳಿದು ಬರುವುದನ್ನು ಯಾರೋ ನೋಡಿ ಒಳಗೆ ಓಡಿದರು. ನಾನು ಹೋಗುವಷ್ಟರಲ್ಲಿ ಹೆಡ್‌ಮಾಸ್ತರರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಎದುರಿಗೆ ಬಂದರು. ಮಕ್ಕಳೆಲ್ಲ ಎದ್ದು ನಿಂತು ಒಕ್ಕೊರಲಿನಿಂದ ನಮಸ್ಕಾರ ಎಂದವು, ಕೇಳುವ ಮೊದಲೇ ಮಗ್ಗಿ ಶುರುವಾಯಿತು. ನನ್ನನ್ನು ಇನ್ಸ್‌ಪೆಕ್ಟರ್ ಎಂದುಕೊಂಡಿದ್ದರು. ಸ್ಕೂಲಿಗೆ ಇನ್ಸ್‌ಪೆಕ್ಟರು ಬರುವುದೆಂದರೆ ಆಗ ಮನೆಗೆ ಹೆಣ್ಣು ನೋಡಲು ಬಂದ ಹಾಗೆ. ಚೆನ್ನಾಗಿರುವುದನ್ನು ಮುಂದಿಡಬೇಕು, ಇಲ್ಲದ್ದನ್ನು ಮರೆಮಾಡಬೇಕು. ನಾನು ಬಾಯಿ ಬಿಡುವಷ್ಟರಲ್ಲಿ ಹಿಂದಿನ ಬಾಗಿಲು ಕಿರ್ ಎಂದಿತು. ಒಬ್ಬ ಮಾಸ್ತರರು ಕೆಲವು ಮಕ್ಕಳನ್ನು ರಟ್ಟೆ ಹಿಡಿದು ಹಿತ್ತಲಿಗೆ ಅಟ್ಟುತ್ತಿದ್ದರು. ದಡ್ಡರು, ಉಗ್ಗುವವರು, ಹರಕು ಅಂಗಿಯವರು. ಕೊನೆಯಲ್ಲಿ ಕಾಲೆಳೆದು ನಡೆಯುವ ಒಬ್ಬಳು. ಅವಳಿಗೆ ಈ ಓಡಾಟ ಅಭ್ಯಾಸವಾಗಿದ್ದಂತೆ ಕಂಡಿತು, ತಾನೇ ಬಾಗಿಲು ಮುಚ್ಚಿಕೊಂಡು ಹೋದಳು.

ನಾನು ಇನ್ಸ್‌ಪೆಕ್ಟರಲ್ಲ, ಕೆಲಸ ಕೇಳಲು ಬಂದವಳು ಎಂದೆ. ಹೆಡ್‌ಮಾಸ್ತರರು ಬೈಯಲೂ ಇಲ್ಲ; ಓದು ಕೇಳಿದರು, ಕುರ್ಚಿ ಹಾಕಿಸಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೂರಲಿಲ್ಲ, ಕಾಫಿ ಮುಟ್ಟಲಿಲ್ಲ, ಬಂದುಬಿಟ್ಟೆ. ಅವತ್ತು ಮಗಳು ಕುರ್ಚಿ ಕೊಟ್ರಾ ಎಂದು ಕೇಳಿದಾಗ ನಾನು ಅವಳ ಕಾಲು ನೀವುತ್ತಾ ಕೂತೆ. ಇವಳನ್ನು ಸ್ಕೂಲಿಗೆ ಸೇರಿಸುವುದೆಂದರೆ ಹಿತ್ತಲ ಬಾಗಿಲಿಗೆ ಸೇರಿಸುವುದೇ ಎಂಬ ಹೆದರಿಕೆ ಅವತ್ತು ಹೊಕ್ಕಿದ್ದು ಬಹಳ ದಿನ ಹೋಗಲಿಲ್ಲ.

ಯಲಹಂಕದಲ್ಲಿ ಊರ ಹಿರಿಯರ ಕಮಿಟಿಯೊಂದು ನಡೆಸುವ ಸಣ್ಣ ಸ್ಕೂಲಿದೆ, ಒಂದನೇ ಕ್ಲಾಸಿಗೆ ಯಾರೂ ಇಲ್ಲ ಎಂದು ಯಜಮಾನರ ಜೊತೆ ಕೆಲಸ ಮಾಡುವವರೊಬ್ಬರು ಹೇಳಿದರು. ನಾನು ಹೊರಟ ದಿನ ಮಗಳನ್ನು ನೋಡಿಕೊಳ್ಳಲು ವಠಾರದಲ್ಲಿ ಯಾರೂ ಇರಲಿಲ್ಲ. ಹೊತ್ತುಕೊಂಡೇ ಬೆಳಗಿನ ರೈಲು ಹತ್ತಿದೆ. ಸ್ಕೂಲು ಎಂದರೆ ದ್ರಾಕ್ಷಿ ತೋಟದ ಪಕ್ಕದಲ್ಲಿ ಹೆಂಚಿನ ಒಂದು ಉದ್ದ ಮನೆ. ನನಗಿಂತ ಚಿಕ್ಕ ವಯಸ್ಸಿನ ಹೆಂಗಸೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಇದ್ದಿಲ ಪುಡಿಗೆ ತೊಂಡೆಸೊಪ್ಪಿನ ರಸ ಕಲಸಿ ಕಪ್ಪುಹಲಗೆಗೆ ಉಜ್ಜುತ್ತಿದ್ದರು. ಮೊಣಕೈವರೆಗೂ ಮಸಿ. ಅವರೇ ಅಲ್ಲಿಯ ಹೆಡ್; ಮಕ್ಕಳ ಬಾಯಲ್ಲಿ ದೊಡ್ಡಮೇಡಂ. ತಿರುಗಿಯೂ ನೋಡದೆ ಏನಾಗಬೇಕು ಎಂದರು. ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಓದು, ಹೆಡ್ ಕೆಲಸ, ಮಗಳ ಕಾಲು, ಎಲ್ಲವನ್ನೂ ನಿಂತೇ ಒದರಿದೆ.

ಅವರು ಉಜ್ಜುವುದು ನಿಲ್ಲಿಸಿದರು. "ಬಿ.ಎ., ಬಿ.ಟಿ.ನಾ? ನಂದು ಎಸ್ಸೆಸ್ಸೆಲ್ಸಿ, ಅದೂ ಎಲ್ಡನೇ ಸಲಕ್ಕೆ. ನನ್ ಮಾತು ಒರಟು ಕಣ್ರೀ. ಇಂಗ್ ಮಾಡಿ ಅಂದ್ರೆ ಇಂಗೇ ಮಾಡ್ಬೇಕು. ಆಗ್ತದಾ ನಿಮ್ ಕೈಲಿ?"

ಆಗುತ್ತದೆ ಎಂದೆ.

"ಮಗೀನ ಆ ಚಾಪೆ ಮ್ಯಾಲೆ ಕೂರ್ಸಿ. ಆ ಕಡೆ ಬೋರ್ಡಿಗೆ ಮಸಿ ಅಚ್ಚಿ."

ಮಗಳನ್ನು ಚಾಪೆಯ ಮೇಲೆ ಇಳಿಸಿ, ಸೆರಗು ಸಿಕ್ಕಿಸಿಕೊಂಡು ಬೋರ್ಡಿಗೆ ಮಸಿ ಹಚ್ಚಿದೆ. ವಾಪಸು ರೈಲಿನಲ್ಲಿ ಅವಳು ನನ್ನ ಕಪ್ಪು ಕೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ, "ಅಮ್ಮ, ಅವರು ನಿಂಗೆ ಕುರ್ಚಿ ಕೊಡ್ಲೇ ಇಲ್ಲ ಅಲ್ವಾ?" ಎಂದಳು. ಗಾಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಇಬ್ಬರೂ ನಕ್ಕೆವು.

ಆದರೆ ಕೆಲಸ ಖಾಯಂ ಆಗಿರಲಿಲ್ಲ. ಇನ್ಸ್‌ಪೆಕ್ಟರು ಬಂದು ನೋಡಿ ಒಪ್ಪಿದರೆ ಒಂದನೇ ಕ್ಲಾಸಿಗೆ ಸರ್ಕಾರದ ಗ್ರಾಂಟು; ಒಪ್ಪದಿದ್ದರೆ ಒಂದನೇ ಕ್ಲಾಸೂ ಇಲ್ಲ, ನಾನೂ ಇಲ್ಲ ಎಂದು ಕಮಿಟಿಯವರು ಮೊದಲೇ ಹೇಳಿದ್ದರು.

ಅಲ್ಲಿಯವರೆಗೆ ದೊಡ್ಡಮೇಡಂ ನನ್ನನ್ನು ಅರೆದರು. ನೆಲ ಗುಡಿಸಿ, ನೀರು ಸೇದಿ, ಮೂಗು ಒರೆಸಿ, ಮಕ್ಕಳನ್ನು ಹೊರಕ್ಕೆ ಕರೆದುಕೊಂಡು ಹೋಗಿ. ಏನ್ರೀ ಇಷ್ಟು ನಿಧಾನ, ಏನ್ರೀ ಈ ಸಾಲು ಸೊಟ್ಟಗಿದೆ. ಸುಲಭವಾಗಿತ್ತು ಎಂದರೆ ಸುಳ್ಳಾಗುತ್ತದೆ. ಎಷ್ಟೋ ಸಲ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಿದ್ದೇನೆ. ಅನ್ನಿಸಿಕೊಂಡು ಅಭ್ಯಾಸವಿಲ್ಲದ ಪ್ರಾಣ. ಆದರೆ ಅದೇ ಹೊತ್ತಿಗೆ ಯಾವುದೋ ಹುಡುಗ ಬಂದು, ನಿಮ್ಮ ಮಗಳು ನನ್ನ ಬಳಪ ಕದ್ದಳು, ಕೇಳಿದರೆ ಚಿವುಟಿದಳು ಎಂದು ಅಳುತ್ತಾ ನಿಲ್ಲುತ್ತಿದ್ದ. ನನಗೆ ಎಷ್ಟು ಸಂತೋಷವಾಗುತ್ತಿತ್ತೆಂದರೆ ಗದರಿಸುವುದಕ್ಕೂ ನಾಲಗೆ ಏಳುತ್ತಿರಲಿಲ್ಲ.

ಒಂದೇ ಒಂದು ವಿಷಯ ನನಗೆ ಚುಚ್ಚುತ್ತಿತ್ತು. ದೊಡ್ಡಮೇಡಂ ಒಳಗೆ ಬಂದರೆ ಮಕ್ಕಳೆಲ್ಲ ಚಾಪೆಯಿಂದ ಎದ್ದು ನಿಂತು ನಮಸ್ಕಾರ ಹೇಳಬೇಕು. ಎಲ್ಲ ಸ್ಕೂಲಿನಲ್ಲೂ ಇದ್ದದ್ದೇ. ಅಷ್ಟು ಹೊತ್ತೂ ನನ್ನ ಮಗಳು ಲಂಗ ಚಡ್ಡಿಗಳ ನಡುವೆ ಕಾಣೆಯಾಗುತ್ತಿದ್ದಳು. ತಾನೂ ಇದ್ದೇನೆ ಎಂದು ಒಂದು ಕೈ ಮೇಲೆತ್ತಿ ಹಿಡಿಯುತ್ತಿದ್ದಳು. ಆ ಕೈಯೊಂದೇ ಕಾಣುತ್ತಿತ್ತು. ದೊಡ್ಡಮೇಡಂ ಅದನ್ನು ನೋಡಿಯೂ ನೋಡದವರಂತೆ ಮುಂದೆ ಹೋಗುತ್ತಿದ್ದರು.

ಇನ್ಸ್‌ಪೆಕ್ಟರು ಬರುವ ದಿನ ಗೊತ್ತಾಯಿತು. ಸಗಣಿ ಸಾರಿಸಿ, ಮಾವಿನೆಲೆ ಕಟ್ಟಿ, ಎಳನೀರು ತರಿಸಿ, ಇದ್ದ ಒಂದೇ ಒಂದು ಕುರ್ಚಿಗೆ ಕಸೂತಿಯ ಬಟ್ಟೆ ಹೊದಿಸಿದ್ದಾಯಿತು. ಹಿಂದಿನ ಸಂಜೆ ಹೊರಡುವಾಗ ದೊಡ್ಡಮೇಡಂ ನನ್ನನ್ನು ನಿಲ್ಲಿಸಿ, ನಾಳೆ ನಿಮ್ಮ ಮಗಳ ವಿಷಯ ಒಂದು ಯೋಚನೆ ಮಾಡಬೇಕು ಕಣ್ರೀ ಎಂದರು. ಅಷ್ಟರಲ್ಲಿ ಕಮಿಟಿಯವರು ಯಾರೋ ಕರೆದರು, ಹೊರಟುಹೋದರು. ಹೆಬ್ಬಾಳದ ಹಿತ್ತಲ ಬಾಗಿಲು ಕಿರ್ ಎಂದದ್ದು ಕಿವಿಯಲ್ಲೇ ಇತ್ತು. ಯಜಮಾನರು, ಒಂದು ದಿನ ತಾನೇ, ಜ್ವರ ಅಂತ ಹೇಳಿ ಮನೆಯಲ್ಲೇ ಬಿಟ್ಟು ಹೋಗು ಎಂದರು. ಅವರ ಮೇಲೆ ಹರಿಹಾಯ್ದೆ. ಬೆಳಗ್ಗೆ ರೈಲಿನಲ್ಲಿ, ಹಿತ್ತಲಿಗೆ ಕಳಿಸುವುದಾದರೆ ತಾಯಿ ಮಗಳು ಇಬ್ಬರನ್ನೂ ಕಳಿಸಿ ಎಂಬ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಬಂದೆ.

ಆಡಬೇಕಾಗಲಿಲ್ಲ. ದೊಡ್ಡಮೇಡಂ ನಮ್ಮ ಕ್ಲಾಸಿಗೆ ಬಂದು, ನನ್ನ ಮಗಳನ್ನು ತಾವೇ ಎತ್ತಿ ಮುಂದಿನ ಸಾಲಿನ ನಡುವೆ ಕೂರಿಸಿ, ಸೊಂಟಕ್ಕೆ ಕೈ ಕೊಟ್ಟು ನಿಂತರು.

"ನೋಡ್ರೋ, ಇವತ್ತಿಂದ ಈ ಕ್ಲಾಸಾಗೆ ಯಾರು ಬಂದ್ರೂ ಏಳಂಗಿಲ್ಲ. ಸಾಹೇಬ್ರು ಬಂದ್ರೂ ಅಷ್ಟೇ, ಕೂತಲ್ಲೇ ಕೈ ಮುಗೀಬೇಕು. ಎದ್ದೋರ್ ಕಾಲ್ ಮುರೀತೀನಿ."

ಹೇಳಿದವರೇ ನಾಲಗೆ ಕಚ್ಚಿಕೊಂಡು ನನ್ನ ಮಗಳ ಕಡೆ ನೋಡಿದರು. ಮೊದಲು ನಕ್ಕವಳು ಅವಳೇ. ಆಮೇಲೆ ಇಡೀ ಕ್ಲಾಸು ನಕ್ಕಿತು. ದೊಡ್ಡಮೇಡಂ ನಗುವುದನ್ನು ನಾನು ಕಂಡದ್ದು ಅವತ್ತೇ.

ಇನ್ಸ್‌ಪೆಕ್ಟರು ಕಮಿಟಿಯವರ ಜೊತೆ ಒಳಗೆ ಬಂದರು. ಮಕ್ಕಳು ಕೂತಲ್ಲೇ ಕೈ ಮುಗಿದವು. ಅವರ ಹುಬ್ಬು ಗಂಟಿಕ್ಕಿತು. ಏಳುವುದನ್ನೂ ಕಲಿಸಿಲ್ಲವೇ ಎಂದು ಕೇಳಿದರು. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕಲ್ಸಿದ್ವಿ ಸಾರ್," ಎಂದರು ದೊಡ್ಡಮೇಡಂ. "ಈ ಕ್ಲಾಸಾಗೆ ಒಬ್ಳಿಗೆ ಏಳಕ್ಕಾಗಕಿಲ್ಲ. ಅದಕ್ಕೇ ಯಾರೂ ಏಳಕಿಲ್ಲ."

ಇನ್ಸ್‌ಪೆಕ್ಟರು ಮುಂದಿನ ಸಾಲು ನೋಡಿದರು. ಆಸ್ಪತ್ರೆಯವರು ಮಗಳ ಕಾಲಿಗೆ ಕಟ್ಟಿದ್ದ ಕಬ್ಬಿಣದ ಪಟ್ಟಿ ನೋಡಿದರು. ಆಮೇಲೆ ಗೋಡೆಯ ಪಕ್ಕ ನಿಂತಿದ್ದ ನನ್ನ ಮೇಲೆ ಕಣ್ಣು ಬಿತ್ತು. ಬಿದ್ದ ಕೂಡಲೇ ನನಗೂ ಗುರುತು ಹತ್ತಿತು. ಹಿಂದೆ ನನ್ನ ಸ್ಕೂಲಿನಲ್ಲಿ, ನನ್ನ ಕೈಕೆಳಗೆ, ಗಣಿತಕ್ಕೆ ಇದ್ದ ಹುಡುಗ ಮೇಷ್ಟರು. ನನ್ನ ಮುಂದೆ ಒಂದು ದಿನವೂ ಕೂತವರಲ್ಲ.

"ಮೇಡಂ, ನೀವಾ? ಇಲ್ಲಿ?" ಎಂದವರು, ತಮಗಾಗಿ ಇಟ್ಟಿದ್ದ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ನನ್ನ ಮುಂದೆ ಇಟ್ಟರು. "ಕೂತ್ಕೊಳ್ಳಿ ಮೇಡಂ. ನಿಮ್ಮ ಮುಂದೆ ನಾನು ಹೇಗೆ ಕೂತ್ಕೊಳ್ಳಲಿ?"

ಆಯಿತು, ಮುಗಿಯಿತು ಎಂದುಕೊಂಡೆ. ಎಲ್ಲಿ ಹೋದರೂ ಬೆನ್ನು ಬಿಡದ ಆ ದರಿದ್ರ ಕುರ್ಚಿ ಯಲಹಂಕಕ್ಕೂ ಬಂತು. ಕಮಿಟಿಯವರು ಆಗಲೇ ನನ್ನನ್ನು ಮೇಲಿಂದ ಕೆಳಕ್ಕೆ ನೋಡುತ್ತಿದ್ದರು. ದೊಡ್ಡಮೇಡಂ ಮುಖದಲ್ಲಿ ಏನೂ ಇರಲಿಲ್ಲ. ಮಗಳು ಕುರ್ಚಿಯನ್ನು ನೋಡಿ, ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅವಳಿಗೆ ಆ ಲೆಕ್ಕ ಚೆನ್ನಾಗಿ ಗೊತ್ತಿತ್ತು.

"ನೀವೇ ಕೂತ್ಕೊಳ್ಳಿ ಸಾರ್," ಎಂದೆ. "ನಾನಿಲ್ಲಿ ಒಂದನೇ ಕ್ಲಾಸಿನ ಮೇಡಂ."

ಅವರು ಕೂರಲಿಲ್ಲ. ನಾನೂ ಕೂರಲಿಲ್ಲ. ಕುರ್ಚಿ ಖಾಲಿ ಇತ್ತು. ಮಕ್ಕಳೆಲ್ಲ ಕೂತಿದ್ದವು, ದೊಡ್ಡವರೆಲ್ಲ ನಿಂತಿದ್ದೆವು. ನಿಂತೇ ಪ್ರಶ್ನೆ ಕೇಳಿದರು, ಮಕ್ಕಳು ಕೂತೇ ಉತ್ತರ ಹೇಳಿದವು. ನನ್ನ ಮಗಳು ತನ್ನದಲ್ಲದ ಪ್ರಶ್ನೆಗೂ ಹೇಳಿ ಬೈಸಿಕೊಂಡಳು. ಕೊನೆಗೆ ಇನ್ಸ್‌ಪೆಕ್ಟರು ಎಳನೀರು ಕುಡಿದು, ಈ ಕ್ಲಾಸು ನಡೆಯಲಿ ಎಂದು ಕಮಿಟಿಯವರಿಗೆ ಹೇಳಿ, ಹೊರಡುವಾಗ ಎಲ್ಲರ ಎದುರಿಗೆ ನನಗೆ ಬಗ್ಗಿ ನಮಸ್ಕಾರ ಮಾಡಿ ಹೋದರು.

ಕ್ಲಾಸು ಉಳಿಯಿತು. ನಾನು ಉಳಿದೆನೋ ಇಲ್ಲವೋ ಗೊತ್ತಿರಲಿಲ್ಲ. ಸರ್ಕಾರದ ಸಾಹೇಬರೇ ಬಗ್ಗುವ ಹೆಂಗಸಿಗೆ ಇನ್ನು ಮೂಗು ಒರೆಸು ಎಂದು ಯಾರು ಹೇಳುತ್ತಾರೆ? ಆ ಮಾತು ಹೇಗೆ ಶುರುವಾಗುತ್ತದೆ ಎಂಬುದೂ ನನಗೆ ಬಾಯಿಪಾಠವಾಗಿತ್ತು: ನಿಮ್ಮಂಥವರಿಗೆ ನಾವು, ಮೇಡಂ. ಅದನ್ನೇ ಕಾಯುತ್ತಾ ಗೋಡೆಗೆ ಒರಗಿ ನಿಂತೆ. ದೊಡ್ಡಮೇಡಂ ಗೇಟಿನವರೆಗೆ ಹೋಗಿ ಬಂದರು. ಕುರ್ಚಿಯ ಮೇಲಿನ ಕಸೂತಿ ಬಟ್ಟೆಯನ್ನು ಕೊಡವಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

"ಏನ್ರೀ, ಅಂಗೆ ನೋಡ್ಕಂಡ್ ನಿಂತ್ರೆ ಆಯ್ತಾ? ಮಕ್ಳಿಗೆ ಕುಡಿಯಾಕೆ ನೀರಿಲ್ಲ. ಕೊಡ ತಗಂಡ್ ಓಗಿ."

ನಾನು ಕೊಡ ಎತ್ತಿಕೊಂಡು ಓಡಿದೆ. ಬಾವಿಕಟ್ಟೆಯ ಮೇಲೆ ಕೊಡ ಇಟ್ಟವಳಿಗೆ ಅಳು ತಡೆಯಲಾಗಲಿಲ್ಲ. ಹೆಚ್ಚು ಹೊತ್ತು ಅಳುವಂತೆಯೂ ಇರಲಿಲ್ಲ. ತಡವಾದರೆ ಬೈಸಿಕೊಳ್ಳಬೇಕಾಗುತ್ತದೆ ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಬೇಗ ಬೇಗ ಹಗ್ಗ ಎಳೆದೆ.